ಡಬ್ಬಿಯ ಬೆನ್ನ ಮೇಲಿನ ಮೊದಲ ಹೆಸರು

ಕುಮಾರಿ ಅಂಜಲಿ ರವಿಕುಮಾರ ಹೂಗಾರ. ವಯಸ್ಸು ಒಂಬತ್ತು ವರ್ಷ ನಾಲ್ಕು ತಿಂಗಳು. ತಂದೆ ರವಿಕುಮಾರ, ತಾಯಿ ಸುಮಂಗಲಾ. ನನ್ನ ಮೊಮ್ಮಗಳು. ದಸರಾ ರಜೆಗೆಂದು ಗಂಗಾವತಿಯಿಂದ ಅಳವಂಡಿಯ ನಮ್ಮ ಮನೆಗೆ ದಯಮಾಡಿಸಿದಳು. ಜೊತೆಗೆ ಬಟ್ಟೆಯ ಚೀಲ ಒಂದು, ಕುರುಕಲು ಪ್ಯಾಕೆಟ್ಟುಗಳ ಚೀಲ ಎರಡು.

ನಾನು ಅಕ್ಷರ ಕಲಿತದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಸಂಜೆಯ ಸಾಲೆಯಲ್ಲಿ. ಅಚ್ಚಾದದ್ದನ್ನು ಓದದೆ ಬಿಡುವುದು ನನ್ನ ದೃಷ್ಟಿಯಲ್ಲಿ ಅಪರಾಧ. ಕೂಡಲೇ ಶಾಸನ ಹೊರಡಿಸಿದೆ: ಪ್ಯಾಕೆಟ್ಟಿನ ಬೆನ್ನ ಮೇಲಿರುವುದನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳಿದ ಮೇಲೆಯೇ ಬಾಯಿಗೆ. (ಬೆನ್ನ ಮೇಲಿನದು ಇಂಗ್ಲಿಷು. ನನಗೆ ಬಾರದೆಂದು ಹೇಳಲಿಲ್ಲ. ಕನ್ನಡಕ ಒಳಗಿದೆ ಎಂದೆ.)

ಮೂರನೆಯ ದಿನಕ್ಕೆ ಅಂಜಲಿ ಓದಿ ಓದಿ ದಣಿದು, ಹುರಿದ ಶೇಂಗಾಕ್ಕೆ ಶರಣಾದಳು. ಓಣಿಯ ಮಕ್ಕಳೂ ಪ್ಯಾಕೆಟ್ಟು ಹಿಡಿದು, ಅದರ ಬೆನ್ನು ಓದಿಸಿಕೊಳ್ಳಲು ನಮ್ಮ ಕಟ್ಟೆಗೆ ಬರತೊಡಗಿದರು. ನನ್ನ ಕೀರ್ತಿ ಹಿಟ್ನಾಳದವರೆಗೆ ಹಬ್ಬಿತೆಂದು ನನ್ನ ಅಂದಾಜು.

ಇನ್ನು ನನ್ನ ಪತಿ ಕನಕಪ್ಪನವರ ಪ್ರಕರಣ. ಆರು ತಿಂಗಳ ಹಿಂದೆ ಡಾಕ್ಟರು ನನ್ನ ರಕ್ತದಲ್ಲಿ ಸಕ್ಕರೆ ಏರಿದೆ ಎಂದರು. ಸಕ್ಕರೆ ಬಿಟ್ಟೆ, ಅದು ಇಳಿಯಲಿಲ್ಲ. ಮನೆಯಲ್ಲಿ ಚಹಾ ಕಾಸುವವರು ಅವರು. ಕದ್ದು ಬೆರೆಸುವವರು ಇನ್ಯಾರು? ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸಿದೆ: ಇಬ್ಬರಿಗೂ ಸಪ್ಪೆ ಚಹಾ.

ಒಂಬತ್ತನೆಯ ದಿನ ಕಟ್ಟೆ ತುಂಬಿತ್ತು. ಪಕ್ಕದ ಮನೆಯ ಫಕೀರಮ್ಮನೂ ಬಂದಿದ್ದಳು. ನಾನು ಒಳಗಿನಿಂದ ನನ್ನ ಡಬ್ಬಿ ತಂದೆ. ಮುಖದ ಮೇಲೆ ದಪ್ಪ ಕನ್ನಡ ಅಕ್ಷರ: ಶಕ್ತಿಪುಡಿ.

"ವರ್ಷಾತು, ಹಾಲಿಗೆ ಹಾಕಿ ದಿನಾ ಎರಡು ಲೋಟ ಕುಡೀತೀನಿ. ತಗೊಳ್ಳೋದಾದ್ರ ಇಂಥಾದ್ದು ತಗೋಬೇಕು," ಎಂದೆ.

"ಅಜ್ಜಿ, ಬೆನ್ನು ಓದಬೇಕಲ್ಲ," ಎಂದಳು ಅಂಜಲಿ.

"ಓದವ್ವಾ, ಎಲ್ಲಾರೂ ಕೇಳ್ಲಿ."

ಡಬ್ಬಿ ತಿರುಗಿಸಿದಳು. "ಇದ್ರಾಗ ಹಾಕಿದ್ದರ ಪಟ್ಟಿ ಐತಿ. ಮೊದಲ್ನೇ ಹೆಸರು ಸಕ್ಕರಿ. ಮೊದಲು ಬರೆದಿದ್ದು ಎಲ್ಲಾದಕ್ಕಿಂತ ಹೆಚ್ಚು ಇರ್ತೈತಿ ಅಂತ ಟೀಚರ್ ಹೇಳ್ಯಾರ."

"ಮುಂದಿಂದು ಓದು," ಎಂದೆ, ಗಂಭೀರವಾಗಿ.

"ಮುಂದಿಂದು ಯಾಕ?" ಕನಕಪ್ಪನವರು ಬಾಗಿಲಿಗೆ ಬಂದರು. "ಅದನ್ನ ಇನ್ನೊಮ್ಮೆ ಓದವ್ವಾ. ನಿಮ್ಮಜ್ಜಿ ಕನ್ನಡಕ ಒಳಗೈತಿ."

ಫಕೀರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. "ನಾಕು ತಿಂಗಳಾತು ಅಣ್ಣಾವ್ರು ನಮ್ಮನಿಗೆ ಬಂದು ಸಿಹಿ ಚಹಾ ಕುಡಿಯಾಕತ್ತು. ಪಾಪ ಅಂತ ನಾನೇ ಕೊಡ್ತಿದ್ದೆ."

ಮರುದಿನ ಅಂಜಲಿ ಬಸ್ಸು ಹತ್ತಿದಳು. ಬಿಟ್ಟುಹೋದದ್ದು: ಒಂದು ತಲೆಪಿನ್ನು, ಮೂಲೆ ಮೂಲೆಗೂ ಶೇಂಗಾ ಸಿಪ್ಪೆ, ನನಗಾಗಿ ಕನ್ನಡದಲ್ಲೇ 'ಸಕ್ಕರೆ' ಎಂದು ಬರೆದು ಡಬ್ಬಿಯ ಬೆನ್ನಿಗಂಟಿಸಿದ ಚೀಟಿ, ಮತ್ತು ದಿನಕ್ಕೆರಡು ಸಲ ನನ್ನೆದುರೇ ಕುಳಿತು, ಸಿಹಿ ಚಹಾವನ್ನು ಸುರ್ರೆಂದು ಹೀರುವ ಒಬ್ಬ ನಿರ್ದೋಷಿ ಗಂಡ.