ಮೇಜಿನ ಠರಾವು

ಎಲ್ಲಕ್ಕೂ ಮೂಲ, ಕಜೆಟನ್ ತನ್ನ ಆಫೀಸಿನವರು ನಡೆಸಿದ ಎರಡು ದಿನದ ತರಬೇತಿಗೆ ಹೋಗಿ ಬಂದದ್ದು. ನಾಲ್ಕು ಜನ ಕೂಡಿ ಸರಿಯಾದ ತೀರ್ಮಾನ ಮಾಡುವುದು ಹೇಗೆ ಎಂಬುದು ಅಲ್ಲಿನ ಪಾಠ. ಹೋಗುವಾಗ ಮನುಷ್ಯನಾಗಿ ಹೋದವನು ಬರುವಾಗ ಅಧ್ಯಕ್ಷನಾಗಿ ಬಂದ.

ಕುವೈತಿನ ಅಬು ಹಲೀಫಾದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಾಲ್ಕು ಫ್ಲ್ಯಾಟುಗಳು. ಮೂರರಲ್ಲಿ ಬಾಗಲಕೋಟೆಯ ಈರಯ್ಯ, ಮಂಗಳೂರಿನ ಕಜೆಟನ್, ಪುತ್ತೂರಿನ ಮಹಮ್ಮದ್ ಕುಂಞಿ ಇವರ ಸಂಸಾರಗಳು. ನಾಲ್ಕನೆಯದನ್ನು ಮೂವರೂ ಸೇರಿ ಹಿಡಿದಿದ್ದರು. ಶುಕ್ರವಾರದ ಊಟ, ಹುಟ್ಟುಹಬ್ಬ, ಜಗಳ ಎಲ್ಲ ಅಲ್ಲಿಯೇ. ಇಷ್ಟು ವರ್ಷ ಎಲ್ಲ ತೀರ್ಮಾನವನ್ನೂ ಕಜೆಟನ್ನನ ಹೆಂಡತಿ ಒಲಿಂಡಾ ಮಾಡಿಬಿಡುತ್ತಿದ್ದಳು. ಉಳಿದವರು ಆಮೇಲೆ ಕೂತು ಚರ್ಚಿಸುತ್ತಿದ್ದರು. ಯಾರಿಗೂ ತೊಂದರೆ ಇರಲಿಲ್ಲ.

ಇನ್ನು ಮೇಲೆ ಹಾಗಿಲ್ಲ. ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ನಡುವೆ ಬಾಯಿ ಹಾಕುವಂತಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಅರ್ಥ ಹೇಳುವಂತಿಲ್ಲ. ಒಬ್ಬರು ಬೇಡವೆಂದರೂ ಠರಾವು ಬಿದ್ದುಹೋಗಬೇಕು. ಬರೆದುಕೊಳ್ಳುವ ಕೆಲಸ ಕಜೆಟನ್ನನ ಮಗಳು ಕ್ಲಾರಿಸ್ಸಾಳದು.

ಆ ಶುಕ್ರವಾರ ಬೆಳಿಗ್ಗೆಯ ಮೊದಲ ವಿಷಯ ಒಲಿಂಡಾಳದು: ಹಳೇ ಊಟದ ಮೇಜನ್ನು ತೆಗೆದು ಗಾಜಿನದನ್ನು ತರುವುದು.

ಆ ಮೇಜನ್ನು ಮೊಳೆ ಹೊಡೆದು ಕಟ್ಟಿದವನು ಈರಯ್ಯನೇ. ಮೂವರೂ ಒಂದೇ ಕೋಣೆಯಲ್ಲಿ ಬ್ರಹ್ಮಚಾರಿಗಳಾಗಿದ್ದ ಕಾಲದಲ್ಲಿ, ಅಹ್ಮದಿಯ ತೈಲ ಕಂಪನಿಯ ಯಾರ್ಡಿನಲ್ಲಿ ಬಿದ್ದಿದ್ದ ಪೆಟ್ಟಿಗೆ ಹಲಗೆಗಳನ್ನು ಕೇಳಿ ತಂದು ಮಾಡಿದ್ದು. ಒಂದು ಕಾಲು ಗಿಡ್ಡ. ಊರಿನಿಂದ ಯಾರಾದರೂ ಕ್ಯಾಸೆಟ್ ತಂದರೆ ಟೇಪ್‌ರೆಕಾರ್ಡರನ್ನು ಅದರ ಮೇಲಿಟ್ಟು, ಮೂವರೂ ಮೊಣಕೈ ಊರಿ ಕೂತು, ಅವರವರ ತಾಯಂದಿರ ದನಿಯನ್ನು ಸರದಿಯಲ್ಲಿ ಕೇಳುತ್ತಿದ್ದರು. ಒಬ್ಬನ ತಾಯಿ ಕನ್ನಡದಲ್ಲಿ, ಒಬ್ಬನ ತಾಯಿ ಕೊಂಕಣಿಯಲ್ಲಿ, ಇನ್ನೊಬ್ಬನ ಉಮ್ಮ ಬ್ಯಾರಿಯಲ್ಲಿ. ಮೂವರು ತಾಯಂದಿರೂ ಕೇಳುವುದು ಮಾತ್ರ ಊಟ ಆಯಿತಾ ಎಂದೇ. ಅಂಥ ಮೇಜು ಹೋಗುವುದೆಂದರೆ ಈರಯ್ಯನಿಗೆ ಆ ದಿನಗಳೇ ಹೋದಂತೆ.

ಸಭೆ ಶುರುವಾಯಿತು. "ನಂದೆಂತ ಇಲ್ಲ. ಎಲ್ಲರಿಗೆ ಹೇಗೋ ಹಾಗೆ," ಎಂದ ಕುಂಞಿ. "ಎಲ್ಲಾರೂ ಹೂಂ ಅಂದ್ರ ನಂದೂ ಹೂಂ," ಎಂದಳು ಈರಯ್ಯನ ಹೆಂಡತಿ ಶಾರದವ್ವ. ಈರಯ್ಯನ ಸರದಿ ಬಂತು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಭಾಷಣವಿತ್ತು. ಎದ್ದು ನಿಂತು ಮೇಜಿನ ಮೇಲೆ ಅಂಗೈ ಇಟ್ಟ. ಅಷ್ಟಕ್ಕೇ ಕಣ್ಣೀರು ಬಂದು ಭಾಷಣವೆಲ್ಲ ಹಾರಿಹೋಯಿತು. "ಚಲೋ..." ಎಂದ. "ಚಲೋ..." ಎಂದು ಮತ್ತೊಮ್ಮೆ ಅಂದು, ಉಳಿದದ್ದನ್ನು ಕೈಯಾಡಿಸಿ ಹೇಳಿ, ಮುಖ ತೊಳೆಯಲು ಒಳಗೆ ಹೋದ.

ಬಾಗಲಕೋಟೆಯಲ್ಲಿ ಚಲೋ ಎಂದರೆ ಒಳ್ಳೆಯದು. ಕುವೈತಿನಲ್ಲೇ ಹುಟ್ಟಿ, ಶಾಲೆಯ ಬಸ್ಸಿನಲ್ಲಿ ಹಿಂದಿ ಕಲಿತ ಕ್ಲಾರಿಸ್ಸಾಳಿಗೆ ಚಲೋ ಎಂದರೆ ನಡೆ, ಹೊರಡು. ಮೇಜು ಹೊರಡಲಿ ಎಂದೇ ಅವಳು ಬರೆದುಕೊಂಡಳು. ಕಜೆಟನ್ನನ ಕಣ್ಣು ಗಡಿಯಾರದ ಮೇಲಿತ್ತು.

ಈರಯ್ಯ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. "ಡಿಸಿಷನ್ ಪಾಸ್ಡ್, ಅಂಕಲ್. ಎವ್ರಿಬಡಿ ಅಗ್ರೀಸ್," ಎಂದಳು ಕ್ಲಾರಿಸ್ಸಾ. ಎಲ್ಲರೂ ತನ್ನ ಮಾತಿಗೇ ಒಪ್ಪಿದರು, ಮೇಜು ಉಳಿಯಿತು ಎಂದುಕೊಂಡು ಈರಯ್ಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆ ಹುರುಪಿನಲ್ಲೇ ಮೇಜಿಗೆ ಬಳಿಯಲು ವಾರ್ನಿಷ್ ತರಲು ಹೊರಟ.

ಡಬ್ಬಿ ಹಿಡಿದು ವಾಪಸು ಬಂದರೆ ಕಾರ್ಪೆಟ್ಟಿನ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ.

"ಕಜೆಟನ್, ಮೇಜು ಎಲ್ರಿ?"

"ಪಿಕಪ್‌ನವ ಶುಕ್ರವಾರದ ಸಂತೆಗೆ ಕೊಂಡುಹೋದ. ನೀವೇ ಚಲೋ ಅಂದ್ರಲ್ಲ ಮಾರಾಯ್ರೆ. ಚಪ್ಪಾಳೆ ಬೇರೆ ಹೊಡೆದ್ರಿ."

"ಚಲೋ ಅಂದ್ರ ಚಲೋ ಐತಿ ಅಂತ. ಇರಲಿ ಅಂತ."

ಕಜೆಟನ್ ಮೆಲ್ಲಗೆ, "ನಂಗೂ ಅದು ಇರ್ಬೇಕು ಅಂತಲೇ ಇತ್ತು. ಅಧ್ಯಕ್ಷ ಹೇಳ್ಬಾರ್ದಲ್ಲ ಅಂತ ಸುಮ್ಮನಿದ್ದೆ," ಎಂದ.

"ಶಾರದಕ್ಕನ ಸೀರೆ ಅದರ ಮೊಳೆಗೆ ಸಿಕ್ಕಿ ಹರಿಯಿತಲ್ಲ, ಅದಕ್ಕೇ ನಾನು ಗಾಜಿಂದು ಅಂದದ್ದು," ಎಂದಳು ಒಲಿಂಡಾ.

"ಅದು ಹಳೇ ಸೀರಿ. ನಿಮಗ ಹೊಸಾದು ಬೇಕಾಗೇತಿ ಅಂತ ನಾ ಹೂಂ ಅಂದೆ," ಎಂದಳು ಶಾರದವ್ವ.

"ಉಮ್ಮ ತೀರಿಕೊಂಡ ಸುದ್ದಿ ಬಂದ ದಿನ ನಾವು ಮೂವರು ಅದರ ಸುತ್ತಲೇ ಕೂತದ್ದು," ಎಂದ ಕುಂಞಿ. "ನಾನು ಅದನ್ನು ಬೇಡ ಅಂತೇನಾ? ಯಲ್ಲಾ, ಬನ್ನಿ, ಜುಮಾ ನಮಾಜಿಗೆ ಮೊದಲು ತರುವ."

ಮೂವರೂ ಕುಂಞಿಯ ಗಾಡಿಯಲ್ಲಿ ಸಂತೆ ನಡೆಯುವ ರಿಗ್ಗೈ ಕಡೆಗೆ ಓಡಿದರು. ಸಂತೆಯಲ್ಲಿ ಹಳೇ ಸಾಮಾನಿನವನೊಬ್ಬ, ಮರಳುಗಾಡಿನ ಡೇರೆಗಳಿಗೆ ಸೌದೆ ಮಾಡಲೆಂದು ಮೇಜಿನ ಮೇಲೆ ಗರಗಸ ಇಟ್ಟಿದ್ದ. ಈರಯ್ಯ ವಾರ್ನಿಷ್ ಡಬ್ಬಿಯ ಸಮೇತ ಮೇಜಿನ ಮೇಲೆ ಬೋರಲು ಬಿದ್ದ. ಆಸಾಮಿ ಹೆದರಿ, ದುಡ್ಡಿನ ಬದಲು ಡಬ್ಬಿಯನ್ನು ಇಸಿದುಕೊಂಡು ಮೇಜನ್ನು ಬಿಟ್ಟುಕೊಟ್ಟ.

ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ. ಅರವತ್ತರ ಹತ್ತಿರದ ಮೂವರು ಗಂಡಸರು ಮೂರು ಮಹಡಿ ಹೊತ್ತರು. ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತಾಗ, ಮೊದಲ ಸಲ ಹೊತ್ತು ತಂದಾಗ ಕಜೆಟನ್ ಬೆರಳು ಜಜ್ಜಿಕೊಂಡಿದ್ದು ನೆನಪಾಗಿ ನಗು ಬಂತು. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ. ಈರಯ್ಯನಿಗೆ ನಗುನಗುತ್ತಲೇ ಕಣ್ಣು ತುಂಬಿತು.

ಮೇಲೆ ಹೋದ ಕೂಡಲೇ ಮತ್ತೆ ಸಭೆ. ಈ ಸಲ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದರು.

"ಇಂಥ ಮೇಜಿನ ಮೇಲೆ ಸಾರು ಚೆಲ್ಲಿ ಹಾಳು ಮಾಡ್ಬಾರ್ದು," ಎಂದಳು ಒಲಿಂಡಾ.

"ಗೋಡೆಗೆ ತಾಗಿಸಿ ಹಳೇ ಫೋಟೋ ಇಡುವ," ಎಂದ ಕುಂಞಿ.

"ಯಾರೂ ಮುಟ್ಟಬಾರ್ದು," ಎಂದ ಕಜೆಟನ್. "ಇದೆಲ್ಲ ನಿಮಗೋಸ್ಕರ, ಈರಯ್ಯ. ನೀವೆಂತ ಹೇಳ್ತೀರಿ?"

ಎಲ್ಲರ ಕಣ್ಣೂ ಒದ್ದೆಯಾಗಿ ಅವನ ಮೇಲಿತ್ತು. ಊಟ ಮಾಡದ ಮೇಜು ಯಾತಕ್ಕೆ ಬಂತು ಎಂದು ಈರಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಬೇಡ ಎಂದರೆ ಸಾಕಿತ್ತು. ಇಷ್ಟು ಪ್ರೀತಿಗೆ ಬೇಡ ಎನ್ನುವುದು ಹೇಗೆ?

"ಆಗಲ್ರಿ," ಎಂದ.

ಕುಂಞಿ ಜುಮಾ ಮುಗಿಸಿ ಬಂದ ಮೇಲೆ ಕಾರ್ಪೆಟ್ಟಿನ ಮೇಲೆ ಪ್ಲಾಸ್ಟಿಕ್ ಹಾಸಿ ಎಲ್ಲರೂ ನೆಲಕ್ಕೆ ಕೂತರು. ಈರಯ್ಯನ ಮೊಣಕಾಲು ಮಡಚಲು ಒಲ್ಲೆನೆಂದಿತು. ಎದುರಿಗೆ ಕಜೆಟನ್ ಸೊಂಟ ಹಿಡಿದುಕೊಂಡಿದ್ದ. ಕುಂಞಿ ಕಾಲು ಬದಲಿಸುತ್ತಲೇ ಇದ್ದ. ಶಾರದವ್ವ ಒರಗಲು ಗೋಡೆ ಹುಡುಕಿದಳು, ಅಲ್ಲಿ ಮೇಜಿತ್ತು.

"ಎಲ್ಲರಿಗೂ ಖುಷಿ ಆಯ್ತಲ್ಲ, ನಂಗೆ ಅಷ್ಟೇ ಸಾಕು," ಎಂದಳು ಒಲಿಂಡಾ, ಬೆನ್ನು ನೀವಿಕೊಳ್ಳುತ್ತ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ಹೂಂ ಎಂದರು. ಈರಯ್ಯನೂ ಹೂಂ ಎಂದು, ಸಾರಿನ ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡ.