ಒಂದಕ್ಕೆ ಎರಡು ಗುಳಿಗೆ

“ಈ ಸಲ ನೋಡು, ಪೀಠದ ಮ್ಯಾಲಿನ ಮೂರ್ತಿ ಕುಂತಂಗ ಕುಂದ್ರತೀನಿ. ಕಾರ್ಯ ಮುಗಿಯೂತನಕ ಏಳಂಗಿಲ್ಲ,” ಎಂದರು ಅನಂತಪ್ಪನವರು, ಮೊಮ್ಮಗಳು ಭಕ್ತಿಯ ಮದುವೆ ನಿಶ್ಚಯದ ದಿನ ಬೆಳಿಗ್ಗೆ ತಲೆಗೆ ಪಟಗಾ ಸುತ್ತಿಕೊಳ್ಳುತ್ತ.

ಹೆಂಡತಿ ಸುಮನ ಸೀರೆಯ ನಿರಿಗೆ ಹಿಡಿಯುತ್ತಲೇ, “ಹಂಗ ಶಪಥಾ ಮಾಡಬ್ಯಾಡ್ರಿ. ಅವಸರಾದ್ರ ಎದ್ದ ಹೋಗ್ರಿ. ಯಾರ ಏನ ಅಂತಾರ?” ಎಂದಳು.

ಅನ್ನುವವರು ಅಂದಾಗಿತ್ತು. ಅನಂತಪ್ಪನವರು ರಬಕವಿಯ ಸೀರೆ ವ್ಯಾಪಾರಿ, ವಯಸ್ಸು ಎಪ್ಪತ್ತೆರಡು. ಮನೆತನದ ಹಿರಿಯರೆಂದು ಲಗ್ನಪತ್ರಿಕೆ ಓದುವ ಗೌರವ ಅವರದೇ. ಆದರೆ ಒಂದು ವರ್ಷದಿಂದ ಮೂತ್ರದ ಅವಸರ ಗಂಟು ಬಿದ್ದಿತ್ತು. ಬಂತೆಂದರೆ ಬಂತು, ತಡೆಯುವ ಮಾತೇ ಇಲ್ಲ. ಹಿಂದೆ ತಮ್ಮನ ಮಗನ ನಿಶ್ಚಯದಲ್ಲಿ ಪತ್ರಿಕೆ ಓದುತ್ತ ಓದುತ್ತ ಮೂರು ಸಲ ಎದ್ದು ಹೋಗಿದ್ದರು. ಹಿರಿಯರಿಗೆ ಏನೋ ಸಿಟ್ಟು ಬಂದಿದೆ ಎಂದು ಗಾಬರಿಯಾದ ಬೀಗರು ಮೂರನೆಯ ಸಲ ಹಿಂದೆಯೇ ಓಡಿ, ಪಾಯಖಾನೆಯ ಬಾಗಿಲ ಹೊರಗೆ ನಿಂತು, “ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ,” ಎಂದು ಕೈ ಮುಗಿದಿದ್ದರು.

ಆಮೇಲೆಯೇ ಅನಂತಪ್ಪನವರು ಜಮಖಂಡಿಯ ಡಾಕ್ಟರರ ಬಳಿ ಹೋದದ್ದು. ಡಾಕ್ಟರು ಗುಳಿಗೆ ಬರೆದರು. “ದಿನಕ್ಕ ಒಂದ. ಬ್ಯಾರೆ ಏನರ ಔಷಧ ತಗೋತೀರೇನ್ರಿ?”

“ಏನೂ ಇಲ್ರಿ,” ಎಂದರು ಅನಂತಪ್ಪನವರು. ಅಂಗಡಿಯ ಧೂಳಿಗೆ ಸೀನು ಬರುತ್ತದೆಂದು ದಿನಾ ಬೆಳಿಗ್ಗೆ ನುಂಗುತ್ತಿದ್ದ ನೆಗಡಿ ಗುಳಿಗೆ ಅವರ ಪಾಲಿಗೆ ಔಷಧವೇ ಅಲ್ಲ. ಚಹಾದ ಜೋಡಿ ಖಾರಿ ಬಿಸ್ಕೀಟು ಇದ್ದ ಹಾಗೆ.

ಗುಳಿಗೆ ಕೆಲಸ ಮಾಡಿತು. ತಿಂಗಳೊಪ್ಪತ್ತಿನಲ್ಲಿ ಅವಸರ ಅರ್ಧಕ್ಕೆ ಇಳಿಯಿತು. ಬಾಯಿ ಒಣಗುತ್ತಿತ್ತು, ಪೇಪರಿನ ಅಕ್ಷರಗಳು ಮಂಜಾಗುತ್ತಿದ್ದವು. ಒಂದರ ತಪ್ಪನ್ನು ಬಿಸಿಲಿನ ಮೇಲೆ, ಇನ್ನೊಂದರದನ್ನು ಚಸ್ಮಾದ ಮೇಲೆ ಹಾಕಿ ಸುಮ್ಮನಾದರು. ಮೂರನೆಯ ತೊಂದರೆಯ ಬಗ್ಗೆ ಸುಮನಳ ಮುಂದೂ ಬಾಯಿ ಬಿಡಲಿಲ್ಲ. ಆ ಗುಳಿಗೆ ಒಂದನ್ನು ತಡೆಯಲು ಹೋಗಿ ಎರಡನ್ನೂ ತಡೆದಿತ್ತು.

ನಿಶ್ಚಯದ ಬೆಳಿಗ್ಗೆ ಅವರು ವ್ಯಾಪಾರಿಯ ತಲೆ ಓಡಿಸಿದರು. ಒಂದು ಗುಳಿಗೆಗೆ ಅವಸರ ಅರ್ಧ ಇಳಿದರೆ ಎರಡಕ್ಕೆ ಪೂರ್ತಿ ಇಳಿಯಲೇಬೇಕು. ಹೆಂಡತಿಯ ಕಣ್ಣು ತಪ್ಪಿಸಿ ಎರಡು ನುಂಗಿದರು. ರೂಢಿಯಂತೆ ನೆಗಡಿಯದೂ ಒಂದು. ಎಲ್ಲಿ ಅವಸರ ಬಂದೀತೋ ಎಂದು ನೀರನ್ನು ಮಾತ್ರ ಗುಟುಕಿಗಿಂತ ಹೆಚ್ಚು ಕುಡಿಯಲಿಲ್ಲ.

ಬಸದಿಯ ಮಗ್ಗುಲಿನ ಮಂಗಲ ಕಾರ್ಯಾಲಯ ತುಂಬಿತ್ತು. ಮುಧೋಳದಿಂದ ವರ ಜಿನೇಶ, ಅವನ ತಂದೆ ಸನ್ಮತಿ, ತಾಯಿ, ಎಂಬತ್ತರ ಅಜ್ಜಿ ಇಂದ್ರವ್ವ ಬಂದು ಕುಳಿತಿದ್ದರು. ಅನಂತಪ್ಪನವರು ಒಂದು ತಾಸು ಅಲುಗಾಡದೆ ಕುಳಿತರು. ಸುಮನಳ ಕಡೆಗೆ ಎರಡು ಸಲ ಹುಬ್ಬು ಹಾರಿಸಿದ್ದೂ ಆಯಿತು.

ಪತ್ರಿಕೆ ಮತ್ತು ಮೈಕು ಕೈಗೆ ಬಂದವು. ಬಾಯಿ ತೆರೆಯ ಹೋದರೆ ನಾಲಿಗೆ ಗಂಜಿ ಕುಡಿದು ಒಣಗಿದ ನೂಲಿನ ಹಾಗೆ ಅಂಗುಳಕ್ಕೆ ಹತ್ತಿಕೊಂಡಿದೆ. ಕಾಗದದ ಮೇಲೆ ಸಾಲಿಗೆ ಸಾಲು ಹೆಣೆದುಕೊಂಡಿದೆ. ಎರಡು ತಿಂಗಳಿಂದ ಊರಿಗೆಲ್ಲ ಹೇಳಿ ಬಂದಿದ್ದ ವರನ ಹೆಸರು ತಲೆಯಲ್ಲಿ ಎಲ್ಲಿ ಹುಡುಕಿದರೂ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದಾಗ ಒಂದೇ ಒಂದು ಹೆಸರು ಸಿಕ್ಕಿತು.

“ಮುಧೋಳದ ಚಿರಂಜೀವ ಸನ್ಮತಿಗೆ... ನಮ್ಮ ಭಕ್ತಿ...”

ಸನ್ಮತಿ ತೀರ್ಥಂಕರರ ಹೆಸರೂ ಹೌದಾದ್ದರಿಂದ, ಸ್ತುತಿ ಶುರುವಾಯಿತೆಂದು ಹಿಂದಿನ ಸಾಲಿನವರು ಕೈ ಮುಗಿದರು. ಸನ್ಮತಿಯವರು ಹೆಂಡತಿಯ ಮುಖ ನೋಡಿದರು. ಇಂದ್ರವ್ವ ಮೆಲ್ಲಗೆ ಹೇಳಿದರು: “ಬೀಗರ, ನನ್ನ ಮಗನ ಲಗ್ನ ಆಗಿ ಮೂವತ್ತ ವರ್ಷಾತು. ಈಕಿನ ಕೂಡ ಛಲೋನ ಅದಾನ. ಮೊಮ್ಮಗಂದ ಓದ್ರಿ.”

ಕಾರ್ಯಾಲಯ ನಕ್ಕಿತು. ಅನಂತಪ್ಪನವರು ಎದ್ದು ತಪ್ಪು ತಿದ್ದಲು ಹೋದರು. ತಲೆ ಗಿರ್ರೆಂದು ತಿರುಗಿ ಕುರ್ಚಿಗೆ ಕುಸಿದರು. ಸುಮನ ನೀರು ಹಿಡಿದು ಓಡಿ ಬಂದಳು.

“ಏನ ತಗೊಂಡೀರಿ? ಖರೆ ಹೇಳ್ರಿ.”

“ಒಂದಕ್ಕಿನ ಗುಳಿಗಿ.”

“ಎಷ್ಟ?”

“ಎರಡು.”

“ಒಂದಕ್ಕ ಎರಡ್ಯಾಕ ತಗೊಂಡ್ರಿ?”

“ಕಾರ್ಯ ದೊಡ್ಡದೈತಿ ಅಂತ. ಮ್ಯಾಲ ನೆಗಡೀದೊಂದು. ಎರಡಕ್ಕ ಹೋಗಿ ಮೂರ ದಿನಾತು.”

ಇಷ್ಟೂ ಪಿಸುಮಾತೇ. ಆದರೆ ಮೈಕು ಇನ್ನೂ ಅವರ ಎದೆಗೇ ಆನಿಕೊಂಡಿತ್ತು. ಅಡುಗೆಯವರೂ ಸೌಟು ಹಿಡಿದು ಬಾಗಿಲಿಗೆ ಬಂದರು. ನಲವತ್ತು ವರ್ಷ ಗಳಿಸಿದ ಹಿರಿತನ ಒಂದು ಮಾತಿಗೆ ಹೋಯಿತಲ್ಲ ಎಂದು ಅನಂತಪ್ಪನವರು ಕಣ್ಣು ಮುಚ್ಚಿಕೊಂಡರು.

ಆಗ ಇಂದ್ರವ್ವ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕುಳಿತರು. “ಆ ಡಾಕ್ಟ್ರು ಎಲ್ಲಿಯವರ್ರಿ? ಮುಧೋಳ ಬಿಟ್ಟಾಗಿಂದ ಕಬ್ಬಿನ ಹೊಲಾ ನೋಡ್ತೀನಿ ಅಂತ ನಾಕ ಸಲ ಕಾರ ನಿಲ್ಲಿಸೇನಿ. ನಮ್ಮವ್ವಗ ಒಕ್ಕಲತನದ ಮ್ಯಾಲ ಭಾಳ ಜೀವ ಅಂತ ನನ್ನ ಮಗ ತಿಳ್ಕೊಂಡಾನ.”

ಸನ್ಮತಿಯವರು ಬೆರಗಾಗಿ ತಾಯಿಯನ್ನೇ ನೋಡಿದರು. ಭಕ್ತಿ ಅಜ್ಜನ ತೊಡೆಯ ಮೇಲಿದ್ದ ಪತ್ರಿಕೆ ಎತ್ತಿಕೊಂಡು ತಾನೇ ಓದಿದಳು. ಈ ಸಲ ವರ ಬದಲಾಗಲಿಲ್ಲ.

ಸೋಮವಾರ ಎರಡೂ ಮನೆಯವರು ಜಮಖಂಡಿಗೆ ಹೋದರು. ಡಾಕ್ಟರು ಮೊದಲು ಅನಂತಪ್ಪನವರನ್ನು ಬಿಡಿಸಿ ಬಿಡಿಸಿ ಕೇಳಿ, ಆಮೇಲೆ ಬೈದರು. “ಇದು, ನೆಗಡೀದು, ಎರಡೂ ಬಾಯಿ ಒಣಗಸೂ ಗುಳಿಗೀನರಿ. ಕೂಡಿಸಿ ತಗೊಂಡ್ರ, ಅದರಾಗೂ ವಯಸ್ಸಾದವರಿಗೆ, ಕಣ್ಣ ಮಂಜಾಕ್ಕಾವು, ಮರುವು ಬರ್ತೈತಿ, ಹೊಟ್ಟಿ ಕಟ್ತೈತಿ. ಬಿದ್ದ ಕಾಲ ಮುರ್ಕೊಂಡಿದ್ರ ಏನ ಮಾಡ್ತಿದ್ರಿ?” ನೆಗಡಿ ಗುಳಿಗೆಯನ್ನು ನಿಲ್ಲಿಸಿದರು. ಅವಸರದ ಗುಳಿಗೆಯನ್ನೂ ಬದಲಿಸಿ ಬೇರೆ ಬಗೆಯದು ಬರೆದುಕೊಟ್ಟರು.

ಬಳಿಕ ಇಂದ್ರವ್ವನ ಸರದಿ. ಅನಂತಪ್ಪನವರಿಗೆ ಹಿರಿತನ ತಿರುಗಿ ಬಂದಿತ್ತು. ಕುರ್ಚಿ ಮುಂದೆ ಎಳೆದುಕೊಂಡು, “ಅವ್ವಾರ, ಡಾಕ್ಟ್ರ ಮುಂದ ಒಂದೂ ಮುಚ್ಚಿಡಬಾರದ್ರಿ. ನಾಚಿಕಿ ಬಿಟ್ಟ ಎಲ್ಲಾ ಹೇಳ್ರಿ. ನನ್ನ ನೋಡಿ ಕಲೀರಿ,” ಎಂದರು.

“ಹೇಳ್ತೀನ್ರಿ,” ಎಂದರು ಇಂದ್ರವ್ವ, ಡಾಕ್ಟರರ ಕಡೆ ತಿರುಗಿ. “ಎಲ್ಲಾ ಹೇಳ್ತೀನಿ. ಮೊದಲ ಇವರನ್ನ ಹೊರಗ ಕಳಸ್ರಿ.”

ಸುಮನ ಎದ್ದು ಬಾಗಿಲು ತೆರೆದಳು.