ಬದಲಾಗದ ಸೊಳ್ಳೆಗಳ ಕಡತ

ಸೋಂಕು ತಗುಲಿದ ಸೊಳ್ಳೆಯೂ ಕಚೇರಿಯ ದಾಖಲೆಯಲ್ಲಿ ಸೊಳ್ಳೆಯೇ ಆಗಿರತಕ್ಕದ್ದು. ಸೊಳ್ಳೆ ನಿಯಂತ್ರಣ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಇಪ್ಪತ್ತೆರಡು ವರ್ಷ ಸವೆಸಿದ ನಾನೇ ಈ ನಿಯಮವನ್ನು ಟೈಪು ಮಾಡಿದ್ದು.

ನಮ್ಮ ಸಂಶೋಧಕಿಯನ್ನು ಎಲ್ಲರೂ ಕರೆಯುವುದು ಸೊಳ್ಳೆ ಮೇಡಂ ಎಂದೇ. ವೈರಸ್ಸು ಹೊಕ್ಕ ಮೇಲೆ ಸೊಳ್ಳೆಯ ಜೀನುಗಳ ಮೇಲಿನ ರಾಸಾಯನಿಕ ಗುರುತುಗಳು ಬದಲಾಗುತ್ತವೆಂದು ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಂಡುಕೊಂಡಿದ್ದರು. ಕೊನೆಯ ಪರೀಕ್ಷೆಗೆ ಸೋಂಕು ತಗುಲಿಸಿದ ನಲವತ್ತು ಸೊಳ್ಳೆ ಸಿದ್ಧವಿದ್ದವು. ಅವುಗಳ ಆಯಸ್ಸು ಇನ್ನೊಂದು ವಾರ. ಬೇಕಿದ್ದದ್ದು ಅಧೀಕ್ಷಕರ ಒಂದು ಸಹಿ.

"ಜೀನು ಬದಲಾಗಿದೆಯೇನಮ್ಮಾ?" ಅಧೀಕ್ಷಕರು ಕೇಳಿದರು.

"ಇಲ್ಲ ಸಾರ್, ಜೀನು ಅದೇ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನೆ ಕೂರಬೇಕು ಅನ್ನೋದು ಬದಲಾಗಿದೆ."

"ನಮ್ಮ ಕಚೇರಿಯಲ್ಲೂ ಹಾಗೇ. ಅದಕ್ಕೆಲ್ಲ ಪರೀಕ್ಷೆ ಯಾಕೆ?"

"ಸೊಳ್ಳೆ ಬದಲಾಗಿದೆ ಸಾರ್!"

"ಹಾಗಾದರೆ ಹಳೇ ಸೊಳ್ಳೆ ಎಲ್ಲಿ? ದಾಸ್ತಾನಿನಲ್ಲಿ ನಲವತ್ತು ಕಮ್ಮಿ ಆಯ್ತಲ್ಲ! ಬದಲಾಗಿಲ್ಲ ಅಂದರೆ ಪರೀಕ್ಷೆನೇ ಬೇಡ. ಎರಡರಲ್ಲಿ ಒಂದು ಹೇಳಿ."

ಮೇಡಂ ಹಣೆ ಹಣೆ ಚಚ್ಚಿಕೊಂಡರು. ಆರನೇ ದಿನ, ಸೊಳ್ಳೆಗಳು ಪರಿಶೀಲನೆಗೆ ಖುದ್ದು ಹಾಜರಾಗತಕ್ಕದ್ದೆಂದು ಆದೇಶವಾಯಿತು. ಮೇಡಂ ಡಬ್ಬಿ ತಂದು ಮೇಜಿನ ಮೇಲಿಟ್ಟು, "ಮುಚ್ಚಳ ಮಾತ್ರ ತೆಗೀಬೇಡಿ, ನಿಮ್ಮ ದಮ್ಮಯ್ಯ" ಎಂದರು.

ಮುಚ್ಚಳ ತೆಗೆಯದೆ ಎಣಿಸುವುದು ನಿಯಮಬಾಹಿರ. ಅಧೀಕ್ಷಕರು ತೆಗೆದರು. ಮೂರು ವರ್ಷದ ದುಡಿಮೆ ಗುಂಯ್ ಎಂದು ಕೋಣೆ ತುಂಬಾ ಹಾರಿತು. ಮೇಡಂ ಅಲ್ಲೇ ಕುಸಿದು ಅತ್ತರು. ಅಧೀಕ್ಷಕರು ಕುತ್ತಿಗೆ ಕೆರೆದುಕೊಳ್ಳುತ್ತಾ, 'ಬದಲಾವಣೆ ಕಂಡುಬಂದಿಲ್ಲ. ಸೊಳ್ಳೆಗಳು ಸೋಂಕುರಹಿತ' ಎಂದು ಬರೆದು ಸಹಿ ಹಾಕಿದರು.

ಅದಾದ ಐದನೇ ದಿನ ಅಧೀಕ್ಷಕರ ಮೈ ಕೆಂಡ. ರಜೆ ಅರ್ಜಿ ಬರೆದರು. ಅದನ್ನು ಮಂಜೂರು ಮಾಡಬೇಕಾದವರೂ ಅವರೇ. ಜ್ವರದ ರಜೆಗೆ ಕಚ್ಚಿದ ಸೊಳ್ಳೆಯ ಸೋಂಕು ದೃಢಪಡಬೇಕು; ಹಾಗಾಗಿ ಕಡತ ತೆರೆದರು.

"ಅಯ್ಯೋ, ಸೋಂಕಿಲ್ಲ ಅಂತ ನಾನೇ ಬರೆದಿದ್ದೀನಲ್ಲಯ್ಯಾ!" ಹಲ್ಲು ಕಟಕಟ ಎನ್ನುತ್ತಿತ್ತು.

"ತಿದ್ದಿಬಿಡಿ ಸಾರ್," ಎಂದೆ.

"ತಿದ್ದೋಕೆ ಸೊಳ್ಳೆ ಹಾಜರಾಗಬೇಕು." ತಮ್ಮ ಅರ್ಜಿಯನ್ನು ತಾವೇ ತಿರಸ್ಕರಿಸಿ, ಕಂಬಳಿ ಹೊದ್ದು ಕೆಲಸಕ್ಕೆ ಕೂತರು.

"ಮಾಡಿದ್ದುಣ್ಣೋ ಮಹರಾಯ," ಮೇಡಂ ಗೊಣಗಿದರು. ಅವರಿಗೂ ಆಗಲೇ ಚಳಿ ಶುರುವಾಗಿತ್ತು.

ಈಗ ಹೊಸ ಸುತ್ತೋಲೆ ಹೊರಟಿದೆ: 'ಸೋಂಕುರಹಿತ ಸೊಳ್ಳೆ ಕಚ್ಚಿ ಬರುವ ನಡುಕವನ್ನು ಕಚೇರಿ ವೇಳೆಯಲ್ಲಿ ಪ್ರದರ್ಶಿಸಕೂಡದು.' ಎಲ್ಲರೂ ನಡುಗುತ್ತಲೇ ಸಹಿ ಹಾಕಿದ್ದೇವೆ. ನಾನು ಟೈಪು ಮಾಡಿದ ಈ ಬರಹದಲ್ಲಿ ಅಲ್ಲಲ್ಲಿ ಅಕ್ಷರ ಎರಡೆರಡು ಸಲ ಬಿದ್ದಿದ್ದರೆ ಅದು ಯಂತ್ರದ ದೋಷ. ನಾನು ಆರೋಗ್ಯವಾಗಿದ್ದೇನೆ.